ಮುಖ ಕೊನೆಗೆ

“ಇನ್ನೂ ಹಿಂದೆ ಹೋಗು,” ಎಂದಳು ಕಸಿಲ್ದಾ. “ಮ್ಯೂಸಿಯಮ್ಮಿನ ಆ ನಿನ್ನ ರಾಜಕುಮಾರೀನ ಇಷ್ಟು ಹತ್ರ ನಿಂತು ನೋಡ್ತೀಯಾ? ನನಗ್ಯಾಕೆ ಕಡಿಮೆ ಮರ್ಯಾದೆ?”

ಎವಾರಿಸ್ತೊ ಈಸೆಲ್ಲನ್ನು ತಬ್ಬಿಕೊಂಡು ಹಿಂದಹಿಂದಕ್ಕೆ ಸರಿದ. ಬೀದಿ ಕಡೆಯ ಕೋಣೆ ಮುಗಿದು ಹೊಸ್ತಿಲು ಬಂತು, ಹೊಸ್ತಿಲು ದಾಟಿ ಇಕ್ಕಟ್ಟಾದ ಕಾರಿಡಾರು ಬಂತು, ಕೊನೆಗೆ ಅವನ ಬೆನ್ನು ಮನೆಯ ಮುಂಬಾಗಿಲಿಗೆ ಹೋಗಿ ಬಡಿಯಿತು. ಅಲ್ಲಿಂದ ನೋಡಿದರೆ, ಬಾಲ್ಕನಿಯ ಬೆಳಕಿನಲ್ಲಿ ಕುರ್ಚಿಯ ಮೇಲೆ ಕುಳಿತ ಹೆಂಡತಿ ಅಡಿಯಿಂದ ಮುಡಿಯವರೆಗೆ ಕಾಣುತ್ತಿದ್ದಳು. ಮ್ಯಾಡ್ರಿಡ್ಡಿನ ಆ ಬಾಡಿಗೆ ಮನೆಯಲ್ಲಿ ಇದಕ್ಕಿಂತ ದೂರ ಹೋಗಬೇಕೆಂದರೆ ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತಿತ್ತು.

ಅಷ್ಟರಲ್ಲಿ ಅವನ ಬೆನ್ನ ಹಿಂದೆಯೇ ಯಾರೋ ಬಾಗಿಲು ಬಡಿದರು. ಕಸಿಲ್ದಾಳ ತಂಗಿ ಒಬ್ದೂಲಿಯಾ.

“ಭಾವ, ಬಾಗಿಲು ತೆಗೀರಿ! ಕಡಲೆಕಾಳಿನ ಸಾರು ತಂದಿದ್ದೀನಿ, ಪಾತ್ರೆ ಸುಡ್ತಿದೆ.”

“ತೆಗೆಯೋಕಾಗಲ್ಲ. ಚಿತ್ರ ಬರೀತಿದ್ದೀನಿ.”

“ಎಲ್ಲಿ, ಬಾಗಿಲ ಮೇಲಾ?”

ಕಸಿಲ್ದಾಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಡ, ಎಡ ಕೆನ್ನೆಗೆ ಕೈ ಹೋಯಿತು. ಈಚೆಗೆ ನಕ್ಕರೂ ನೋವು, ಅಗಿದರೂ ನೋವು.

ದವಡೆಯಲ್ಲಿ ಗಡ್ಡೆ ಇದೆ ಎಂದು ಡಾಕ್ಟರು ಹೇಳಿ ಆಗಲೇ ಕೆಲವು ದಿನಗಳಾಗಿದ್ದವು. ಉಪವಾಸದ ತಪಸ್ಸು ಕಾಲ ಮುಗಿದು ಈಸ್ಟರಿನ ಪಾಸ್ಕ ಹಬ್ಬ ಕಳೆದ ಮೇಲೆ ಆಪರೇಷನ್. ಜೀವಕ್ಕೆ ಭಯವಿಲ್ಲ, ಆದರೆ ಮೂಳೆಯ ಒಂದು ತುಂಡು ತೆಗೆಯಬೇಕಾಗುತ್ತದೆ, ಕೆನ್ನೆ ಒಳಕ್ಕೆ ಹೋಗುತ್ತದೆ, ಬಾಯಿ ಒಂದು ಕಡೆಗೆ ಎಳೆಯುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕಸಿಲ್ದಾ ಅಳಲಿಲ್ಲ. ಮನೆಗೆ ಬಂದು ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, “ಈಗ ನನ್ನ ಚಿತ್ರ ಬರಿ,” ಎಂದಿದ್ದಳು.

ಮೊದಲ ಸಲ ಕೇಳಿದ್ದು ಮದುವೆಯಾದ ಹೊಸತರಲ್ಲಿ. ಆಗ ಎವಾರಿಸ್ತೊ, “ನೀನೆಲ್ಲಿ ಹೋಗ್ತೀಯಾ? ಈ ಮುರಿಯೊನ ಚಿತ್ರದ ಪ್ರತಿ ಒಂದು ಮುಗೀಲಿ,” ಎಂದಿದ್ದ. ಮುರಿಯೊ ಮುಗಿದ ಮೇಲೆ ಒಬ್ಬ ಹೋಟೆಲಿನವನಿಗೆ ವೆಲಾಸ್ಕೆಸ್ ಬೇಕಾಯಿತು. ಅದಾದ ಮೇಲೆ ಹಲ್ಲಿನ ಡಾಕ್ಟರೊಬ್ಬನಿಗೆ, ರೋಗಿಗಳು ಕಾಯುವ ಕೋಣೆಗೆ, ಗೋಯಾನ ಛತ್ರಿ ಹಿಡಿದ ಹುಡುಗಿ ಬೇಕಾದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಎವಾರಿಸ್ತೊನಷ್ಟು ತಕ್ಕವನು ಇನ್ನೊಬ್ಬ ಸಿಗಲಾರ. ಅವನು ಕೆಟ್ಟವನಲ್ಲ. ಹೆಂಡತಿಯೆಂದರೆ ಪ್ರಾಣ. ಪ್ರಾಣವನ್ನು ಯಾರೂ ದಿನವೂ ತೆಗೆದು ನೋಡುವುದಿಲ್ಲ, ಅಷ್ಟೆ.

ಅವನ ಕೆಲಸ ಪ್ರಾದೊ ಮ್ಯೂಸಿಯಮ್ಮಿನಲ್ಲಿ ಹಳೆಯ ಮಹಾ ಕಲಾವಿದರ ಚಿತ್ರಗಳ ಎದುರು ನಿಂತು ಅವುಗಳ ಪ್ರತಿ ಮಾಡುವುದು. ಕಳ್ಳತನವಲ್ಲ, ಅಪ್ಪಣೆ ಪಡೆದು ಮಾಡುವ ಕಸುಬು. ಪ್ರತಿ ಎಂದೂ ಮೂಲದ ಅಳತೆಯದ್ದಾಗಿರಬಾರದು, ಸ್ವಲ್ಪ ಹೆಚ್ಚೋ ಕಡಿಮೆಯೋ ಇರಬೇಕು ಎಂಬುದು ಅಲ್ಲಿನ ಕಾನೂನು. ಕಸಿಲ್ದಾ ಮೊದಲ ದಿನವೇ ಅದನ್ನು ಹಿಡಿದುಕೊಂಡಳು.

“ನನ್ನನ್ನೂ ಕಾನೂನು ಪ್ರಕಾರ ಸ್ವಲ್ಪ ಕಡಿಮೆ ಮಾಡು ಮಾರಾಯ. ಸೊಂಟದ ಹತ್ರ ಮಾಡಿದ್ರೆ ಯಾರೂ ತಕರಾರು ತೆಗೆಯಲ್ಲ.”

ಬಾಗಿಲು ತೆಗೆಸಿಕೊಂಡು ಒಳಗೆ ಬಂದ ಒಬ್ದೂಲಿಯಾ ಸಾರಿನ ಪಾತ್ರೆ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಕ್ಕನನ್ನು ಒಮ್ಮೆ, ಈಸೆಲ್ಲನ್ನು ಒಮ್ಮೆ ನೋಡಿದಳು. “ಫೋಟೋ ಸ್ಟುಡಿಯೋಗೆ ಹೋಗಿ ಒಂದು ತೆಗೆಸಿಕೊಂಡ್ರೆ ಆಗ್ತಿರಲಿಲ್ವಾ ಅಕ್ಕ?”

“ಫೋಟೋ ಇದಾವಲ್ಲ, ಡಬ್ಬಿ ತುಂಬ. ಅದು ಯಂತ್ರ ನೋಡಿದ ಮುಖ. ಇವನು ನನ್ನನ್ನ ಏನಂತ ನೋಡ್ದ ಅಂತ ನನಗೆ ಗೊತ್ತಾಗಬೇಕು. ಈ ಮುಖ ಹೋಗೋಕೆ ಮುಂಚೆ, ಒಂದೇ ಒಂದ್ಸಲ.”

ಎವಾರಿಸ್ತೊ ಕ್ಯಾನ್ವಾಸಿನ ಮೇಲೆ ಇದ್ದಿಲಿನಿಂದ ಕುರ್ಚಿಯ ಕಾಲುಗಳನ್ನು ಗುರುತು ಮಾಡತೊಡಗಿದ.

ಕೆಲಸ ಶುರುವಾದದ್ದು ಹಾಗೆ. ಬೆಳಿಗ್ಗೆ ಕಾಫಿ ಕುಡಿದು ಕಸಿಲ್ದಾ ಹಸಿರು ಶಾಲು ಹೊದ್ದು ಬಾಲ್ಕನಿಯ ಪಕ್ಕ ಕೂರುವಳು, ಇವನು ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವನು. ಅಷ್ಟು ದೂರ ಬೇಕೇ ಬೇಕೆಂದು ಅವನಿಗೂ ಹಟ. ವೆಲಾಸ್ಕೆಸ್‌ನ ರಾಜಕುಮಾರಿಯ ಉಡುಪನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರೆ ಒರಟಾಗಿ ಮೆತ್ತಿದ ಬಣ್ಣ, ಕುಂಚ ಒರೆಸಿದ ಬಟ್ಟೆಯ ಹಾಗೆ. ಹಿಂದೆ ಸರಿಯುತ್ತ ಬಂದರೆ ಒಂದು ಕಡೆ ಅದೇ ಬಣ್ಣ ಬೆಳ್ಳಿಯ ಜರಿಯಾಗಿ ಮಿನುಗುತ್ತದೆ. ಮ್ಯೂಸಿಯಮ್ಮಿನ ನೆಲದಲ್ಲಿ ಯಾವ ಕಲ್ಲಿನ ಮೇಲೆ ನಿಂತರೆ ಅದು ಜರಿಯಾಗುತ್ತದೆಂದು ಎವಾರಿಸ್ತೊಗೆ ಕಣ್ಣುಮುಚ್ಚಿದರೂ ಗೊತ್ತಿತ್ತು.

ಮೊದಲು ಹಿನ್ನೆಲೆ. ಕಸಿಲ್ದಾಳ ಹಿಂದಿನ ಗೋಡೆಗೆ ವೆಲಾಸ್ಕೆಸ್‌ನ ಬೂದುಗಂದು ಗಾಳಿಯನ್ನೇ ತಂದ. ಆಮೇಲೆ ಶಾಲು. ಅದಕ್ಕೆ ಸುರ್ಬರಾನ್ ಬೇಕು. ಕಾಲು ಕಟ್ಟಿ ಮಲಗಿಸಿದ ಕುರಿಮರಿಯ ಉಣ್ಣೆಯನ್ನು ಎಳೆಎಳೆಯಾಗಿ ಬರೆದವನು ಅವನು. ಬಟ್ಟೆ, ಉಣ್ಣೆ, ಮಡಿಕೆ ಎಂದರೆ ಅವನ ಮುಂದೆ ಇನ್ನೊಬ್ಬನಿಲ್ಲ. ಎವಾರಿಸ್ತೊ ಶಾಲಿನ ಅಂಚಿನ ಕುಚ್ಚುಗಳನ್ನು ಒಂದೊಂದಾಗಿ ಬರೆದ, ಪದರ ಒಣಗಲು ಬಿಟ್ಟ, ಅದರ ಮೇಲೆ ಮತ್ತೆ ಬರೆದ.

“ಇವತ್ತೇನು?” ಎಂದು ಕಸಿಲ್ದಾ ಕೂರುವ ಮುಂಚೆ ಕೇಳುವಳು.

“ಶಾಲು.”

“ನಿನ್ನೆನೂ ಶಾಲು. ನನಗೆ ಈ ಶಾಲಿನ ಮೇಲೆ ಹೊಟ್ಟೆಕಿಚ್ಚು ಶುರುವಾಗಿದೆ ಕಣೋ.”

“ಮುಖ ಕೊನೆಗೆ. ನಮ್ಮ ಕಸುಬಿನ ನಿಯಮ ಅದು. ನಮ್ಮ ಮೇಷ್ಟ್ರು ಹೇಳ್ತಿದ್ರು, ಮುಖ ಅಂದ್ರೆ ಊಟದ ಕೊನೇಲಿ ಬರೋ ಸಿಹಿ. ಮೊದಲೇ ತಿಂದುಬಿಟ್ರೆ ಮಿಕ್ಕಿದ್ದಕ್ಕೆ ರುಚಿ ಇರಲ್ಲ.”

“ನಿಮ್ಮ ಮೇಷ್ಟ್ರ ಹೆಂಡತಿ ಚಿತ್ರ ಎಲ್ಲಿದೆ?”

ಎವಾರಿಸ್ತೊ ಯೋಚಿಸಿ ನೋಡಿದ. ಮೇಷ್ಟ್ರ ಹೆಂಡತಿಯ ಚಿತ್ರ ಎಲ್ಲಿಯೂ ಇರಲಿಲ್ಲ.

ನಿಯಮ ಸುಳ್ಳಲ್ಲ. ಪ್ರತಿ ಮಾಡುವವರೆಲ್ಲ ಸುತ್ತಲಿನದನ್ನು ಮುಗಿಸಿ, ಬಣ್ಣಗಳ ಹದ ಕೂತಮೇಲೆ ಮುಖಕ್ಕೆ ಬರುತ್ತಾರೆ. ಅವರಿಗೆ ಅದು ಸರಿ. ಮೂಲ ಗೋಡೆಯ ಮೇಲಿರುತ್ತದೆ. ಜ್ವರ ಬಂದು ಒಂದು ವಾರ ಹೋಗದಿದ್ದರೂ ರಾಜಕುಮಾರಿ ಅದೇ ಕೈಯಲ್ಲಿ ಅದೇ ಕರವಸ್ತ್ರ ಹಿಡಿದು ಕಾಯುತ್ತಿರುತ್ತಾಳೆ. ತನ್ನ ಆಯಸ್ಸೆಲ್ಲ ಕಾಯುವವರ ಎದುರೇ ನಿಂತವನಿಗೆ, ಕಾಯದೆಯೂ ಇರುವವರಿದ್ದಾರೆಂದು ಹೊಳೆಯಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಅದನ್ನು ಅವನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಗೋಡೆಗೆ ವೆಲಾಸ್ಕೆಸ್ ಸಿಕ್ಕಿದ, ಶಾಲಿಗೆ ಸುರ್ಬರಾನ್ ಸಿಕ್ಕಿದ, ಮಡಿಲಲ್ಲಿಟ್ಟ ಕೈಗಳಿಗೆ ರಿಬೇರಾ ಸಿಕ್ಕಿದ. ಮುದಿ ಸಂತರ ಬೆರಳ ಗೆಣ್ಣು, ಉಗುರ ಸಂದಿಯ ಕೊಳೆಯನ್ನೂ ಬಿಡದೆ ಬರೆದವನು ರಿಬೇರಾ. ಚಿತ್ರದಲ್ಲಿ ಕಸಿಲ್ದಾಳ ಕೈ ನೋಡಿ ಒಬ್ದೂಲಿಯಾ ಕೂಡ, “ಅಯ್ಯೋ, ಬೆಳ್ಳುಳ್ಳಿ ವಾಸನೆ ಬರೋದೊಂದು ಬಾಕಿ,” ಎಂದಿದ್ದಳು. ಆದರೆ ಮುಖಕ್ಕೆ ಯಾರು? ಮುರಿಯೊನ ದೇವಮಾತೆಯರು ಗುಲಾಬಿ ಮೋಡದೊಳಗೆ ಕರಗಿದಂತಿರುತ್ತಾರೆ, ಕಸಿಲ್ದಾ ಕರಗುವ ಪೈಕಿಯಲ್ಲ. ಎಲ್ ಗ್ರೆಕೊ ಎಲ್ಲರನ್ನೂ ಮೇಣದ ಬತ್ತಿಯಂತೆ ಉದ್ದ ಎಳೆಯುತ್ತಾನೆ, ಇವಳ ಮುಖ ದುಂಡಗೆ. ಗೋಯಾ ಎಂದರೆ ನಿಜ ಹೇಳುತ್ತಾನೆ, ಆದರೆ ಹೇಳುವಾಗ ಕನಿಕರ ತೋರಿಸುವುದಿಲ್ಲ.

ಒಂದು ಬೆಳಿಗ್ಗೆ ಹೆಂಡತಿಗೆ ಬಣ್ಣ ತರಲು ಹೋಗುತ್ತೇನೆಂದು ಹೇಳಿ ಅವನು ಮ್ಯೂಸಿಯಮ್ಮಿಗೆ ಹೋದ. ಒಂದು ಕೋಣೆಯಿಂದ ಇನ್ನೊಂದಕ್ಕೆ, ಮುಖದಿಂದ ಮುಖಕ್ಕೆ ಅಲೆಯುತ್ತಿದ್ದವನನ್ನು ಹಳೆಯ ಕಾವಲುಗಾರ ಸೆಗೂಂದೊ ನೋಡಿದ.

“ಏನು ದೋನ್ ಎವಾರಿಸ್ತೊ, ಕುಂಚ ಇಲ್ಲ, ಡಬ್ಬಿ ಇಲ್ಲ, ಖಾಲಿ ಕೈ?”

“ನನ್ನ ಹೆಂಡತಿ ಮುಖ ಹುಡುಕ್ತಿದ್ದೀನಿ.”

“ಯಾಕೆ, ಮನೇಲಿ ಸಿಗಲಿಲ್ವಾ?” ಎಂದು ಸೆಗೂಂದೊ ಗಹಗಹಿಸಿ ನಕ್ಕ. ಎವಾರಿಸ್ತೊನೂ ನಕ್ಕ. ಬಾಗಿಲು ಮುಚ್ಚುವವರೆಗೂ ಅಲ್ಲೇ ಇದ್ದು, ಬಣ್ಣವಿಲ್ಲದೆ ಮನೆಗೆ ಬಂದ.

“ಸಿಕ್ತಾ?” ಎಂದು ಕಸಿಲ್ದಾ ಕೇಳಿದಳು. ಕೇಳಿದ ರೀತಿಯಲ್ಲೇ ಅವಳಿಗೆ ಗೊತ್ತಾಗಿದೆ ಎನಿಸಿತು.

“ಯಾರ ಥರ ಮಾಡ್ಲಿ ಅಂತ ತಿಳೀತಿಲ್ಲ ಕಣೆ.”

“ಯಾರ ಥರಾನೂ ಬೇಡ. ನಿನಗೆ ಹ್ಯಾಗೆ ಕಾಣುತ್ತೋ ಹಾಗೆ ಹಾಕು. ವಕ್ರ ಬಂದ್ರೆ ವಕ್ರ. ನಾನೇನು ನೋಡೋಕೆ ಬಂದೋರಿಗೆ ಟಿಕೆಟ್ ಇಡ್ತೀನಾ?”

“ನಾಡಿದ್ದು ಶುರು ಮಾಡ್ತೀನಿ. ಕೈಗೆ ಒಂದು ಕೊನೇ ಪದರ ಬಾಕಿ ಇದೆ.”

ಕೈಗೆ ಬಾಕಿ ಇದ್ದದ್ದು ಏನೂ ಇರಲಿಲ್ಲ. ಆದರೂ ನಾಡಿದ್ದು ಕೈಗೇ ಹೋಯಿತು, ಮರುದಿನ ಕುರ್ಚಿಯ ಹಿಡಿಗೆ. ಒಬ್ದೂಲಿಯಾ, ಪಾಸ್ಕ ಹತ್ತಿರವಾದಾಗ ಮನೆಮನೆಯಲ್ಲೂ ಮಾಡುವ, ಹಾಲಿನಲ್ಲಿ ನೆನೆಸಿ ಕರಿದ ಸಿಹಿ ಬ್ರೆಡ್ಡು ತಂದಳು. ತಪಸ್ಸು ಕಾಲ ಮುಗಿಯುತ್ತ ಬಂದಿದೆ ಎಂದು ಅದರಿಂದಲೇ ತಿಳಿಯಬೇಕಿತ್ತು. ತಟ್ಟೆ ಇಡುತ್ತ ಅವಳು ಕ್ಯಾನ್ವಾಸಿನ ಕಡೆ ತಿರುಗಿದವಳು ಅಲ್ಲೇ ನಿಂತಳು. ಶಾಲಿನ ಮೇಲೆ, ಕೊರಳಿರಬೇಕಾದ ಜಾಗದಿಂದಾಚೆ ಮಣ್ಣಿನ ಬಣ್ಣದ ಒಂದು ಮೊಟ್ಟೆಯಾಕಾರ, ಅಷ್ಟೇ ಇದ್ದದ್ದು.

“ಭಾವ, ಇದು ನನಗೆ ಚೆನ್ನಾಗಿ ಕಾಣಲ್ಲ. ಮೊದಲು ಮುಖ ಬರೀರಿ. ಶಾಲು ಎಲ್ಲಿ ಓಡಿಹೋಗುತ್ತೆ? ಬೇಕಾದ್ರೆ ನಾನು ಹೊದ್ದು ಕೂತ್ಕೋತೀನಿ.”

“ಆತುರಗಾರನಿಗೆ ಬುದ್ಧಿ ಮಟ್ಟ ಒಬ್ದೂಲಿಯಾ. ಪಾಸ್ಕಕ್ಕೆ ಇನ್ನೂ ದಿನ ಇದೆ.”

ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆದು ಮಾರನೆಯ ದಿನ ಮಧ್ಯಾಹ್ನ ಫೋನು ಬಂತು. ಆಸ್ಪತ್ರೆಯಿಂದ. ಬೇರೆ ಯಾರದೋ ಆಪರೇಷನ್ ಮುಂದಕ್ಕೆ ಹೋಗಿ ಹಾಸಿಗೆ ಖಾಲಿಯಾಗಿದೆ, ಕಾಯುವುದಕ್ಕಿಂತ ಬೇಗ ಆಗುವುದೇ ಒಳ್ಳೆಯದು, ಸಂಜೆಯೊಳಗೆ ಬಂದು ಸೇರಿಕೊಳ್ಳಿ ಎಂದರು. ಕಸಿಲ್ದಾ ರಿಸೀವರ್ ಇಟ್ಟು, ಏಪ್ರನ್ನನ್ನು ಮುಂಗೈಯಿಂದ ಒಮ್ಮೆ ಕೊಡವಿ ಬಿಚ್ಚಿದಳು. ಒಬ್ದೂಲಿಯಾ ಬಂದು ಬಟ್ಟೆ ತುಂಬಿದಳು, ಟ್ಯಾಕ್ಸಿ ಕರೆತರಲು ಕೆಳಗೆ ಹೋದಳು.

ಎವಾರಿಸ್ತೊ ಕಾರಿಡಾರಿನಲ್ಲಿ ನಿಂತೇ ಇದ್ದ. ನೋಡಿದರೆ ಕಸಿಲ್ದಾ ಕೋಟಿನ ಮೇಲೆಯೇ ಶಾಲು ಹೊದ್ದು ಬಾಲ್ಕನಿಯ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತಿದ್ದಾಳೆ.

“ಬಾ,” ಎಂದಳು. “ಟ್ಯಾಕ್ಸಿ ಬರೋವರೆಗೆ ಟೈಮಿದೆ. ಹಬ್ಬದ ವಾರ, ಬೇಗ ಸಿಗಲ್ಲ.”

“ಈಗಲಾ? ಇಷ್ಟು ಹೊತ್ತಲ್ಲಿ ಮುಖ ಆಗುತ್ತಾ ಕಸಿಲ್ದಾ? ಅವಸರದಲ್ಲಿ ಕೆಟ್ಟುಹೋದ್ರೆ?”

“ಕೆಡಿಸು.”

“ಅಲ್ಲ ಕಣೆ...”

“ಕೆಡಿಸು ಎವಾರಿಸ್ತೊ. ನಾಳೆ ಡಾಕ್ಟ್ರು ಕೆಡಿಸೇ ಕೆಡಿಸ್ತಾರೆ. ಅವರಿಗಿಂತ ಮುಂಚೆ ನೀನು ಕೆಡಿಸು.”

ಅವಳು ಬಾಲ್ಕನಿಯ ಕಡೆ ಸ್ವಲ್ಪ ಹೊರಳಿ ಗದ್ದ ಎತ್ತಿದಳು. ಬೆಳಕು ಹಣೆಯಿಂದ ಕೆನ್ನೆಗೆ ಇಳಿದು ತುಟಿಯ ಮೂಲೆಯಲ್ಲಿ ನಿಂತಿತ್ತು. ಅಂಥ ಬೆಳಕು ತಪಸ್ಸು ಕಾಲ ಪೂರ್ತಿ ಒಂದು ದಿನವೂ ಬಂದಿರಲಿಲ್ಲ.

ಎವಾರಿಸ್ತೊ ಬಣ್ಣದ ಹಲಗೆ ಎತ್ತಿಕೊಂಡ. ಬಿಳಿಗೆ ಇಂಗಳೀಕದ ಕೆಂಪು ಸೇರಿಸಿದ, ಕಾವಿ ಸೇರಿಸಿದ. ಕುಂಚದ ತುದಿಯಲ್ಲಿ ತೆಗೆದು ದೂರದಿಂದ ಅವಳ ಕೆನ್ನೆಯ ನೇರಕ್ಕೆ ಹಿಡಿದು ನೋಡಿದ. ಗುಲಾಬಿ ಹೆಚ್ಚಾಯಿತು, ಅದು ಮುರಿಯೊ. ಚೂರು ಹಸಿರು ಹಾಕಿದ. ಹೆಣದ ಬಣ್ಣವಾಯಿತು. ಇನ್ನೊಂದು ಕಡೆ ಹೊಸದಾಗಿ ಕಲಸಿದ. ಮ್ಯೂಸಿಯಮ್ಮಿನ ಒಂದೊಂದು ಮುಖಕ್ಕೂ ಯಾವ ಬಣ್ಣ ಎಷ್ಟೆಂದು ಅವನ ನಾಲಿಗೆಯ ತುದಿಯಲ್ಲಿತ್ತು. ಈ ಒಂದು ಕೆನ್ನೆಗೆ ಯಾವ ಲೆಕ್ಕವೂ ಗೊತ್ತಿರಲಿಲ್ಲ. ಕಲಸಿದ, ಹಿಡಿದ, ಒರೆಸಿದ, ಮತ್ತೆ ಕಲಸಿದ. ಕಸಿಲ್ದಾ ಅಲ್ಲಾಡದೆ ಕುಳಿತಿದ್ದಳು. ಮೊದಮೊದಲು ಅವಳ ಕಣ್ಣು ಇವನ ಕುಂಚದ ಮೇಲಿತ್ತು, ಯಾವಾಗಲೋ ಅದು ಹಲಗೆಯ ಮೇಲೆ ಬಂತು, ಆಮೇಲೆ ಬೀದಿಯ ಕಡೆ ತಿರುಗಿತು.

ಕೊನೆಗೂ ಸಿಕ್ಕಿತು. ಕಣ್ಣಿನ ಕೆಳಗಿನ ಆ ಬಣ್ಣ, ತಣ್ಣಗಾದ ಹಾಲುಕಾಫಿಯ ಮೇಲಿನ ಕೆನೆಯದು. ಕುಂಚದ ತುದಿಯಲ್ಲಿಟ್ಟು ಹಿಡಿದಾಗ ಅವಳ ಚರ್ಮಕ್ಕೂ ಅದಕ್ಕೂ ನಡುವೆ ಗೆರೆಯೇ ಕಾಣಲಿಲ್ಲ. ಎವಾರಿಸ್ತೊಗೆ ಕುಣಿಯುವಷ್ಟು ಸಂತೋಷವಾಯಿತು. ಅವನು ದೊಡ್ಡ ಕುಂಚ ಬಿಟ್ಟು ಸಣ್ಣದನ್ನು ತೆಗೆದುಕೊಳ್ಳುವಾಗ ಕೆಳಗೆ ಟ್ಯಾಕ್ಸಿಯ ಹಾರನ್ ಕೇಳಿಸಿತು.

ಕಸಿಲ್ದಾ ಎದ್ದಳು. ಶಾಲನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದಳು. ಬಾಗಿಲ ಬಳಿ ಬಂದು, ಅವನು ಈಸೆಲ್ಲನ್ನು ಪಕ್ಕಕ್ಕೆ ಸರಿಸುವವರೆಗೆ ಕಾದಳು. ಬಣ್ಣದ ಹಲಗೆಯ ತುಂಬ ಸಾಲಾಗಿ ತನ್ನದೇ ಚರ್ಮದ ಮುದ್ದೆಗಳು. ಅವಳು ಅದನ್ನು ನೋಡಿದಳು, ಬಾಗಿಲು ದಾಟಿದಳು.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಮಧ್ಯಾಹ್ನಗಳಲ್ಲಿ ಎವಾರಿಸ್ತೊ ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದ. ಮುಖದ ತುಂಬ ಬ್ಯಾಂಡೇಜು, ಕಣ್ಣು ಮಾತ್ರ ಹೊರಗೆ. ಬೆಳಿಗ್ಗೆ ಖಾಲಿ ಮನೆಯಲ್ಲಿ ಈಸೆಲ್ಲಿನ ಮುಂದೆ ನಿಲ್ಲುತ್ತಿದ್ದ. ಬಣ್ಣ ಇದೆ, ಕೈ ಇದೆ, ನೆನಪಿಗೇನು ಬರ? ಅವಳು ಬರುವುದರೊಳಗೆ ಮುಗಿಸಿ ಇಟ್ಟರಾಯಿತು ಎಂದುಕೊಂಡ. ಮೊದಲ ದಿನ ಕಣ್ಣು ಬರೆದ. ಹಿಂದೆ ಸರಿದು ನೋಡಿದರೆ ಆಕಾಶದ ಕಡೆ ತೇಲಿದ ಮುರಿಯೊನ ಮಾತೆಯ ಕಣ್ಣು. ಚಾಕುವಿನಿಂದ ಕೆರೆದು ತೆಗೆದ. ಇನ್ನೊಂದು ದಿನ ಬಾಯಿ ಬರೆದ; ಮುನಿಸಿಕೊಂಡ ಪುಟ್ಟ ರಾಜಕುಮಾರಿಯ ಬಾಯಿ ಬಂದು ಕೂತಿತು. ಅದನ್ನೂ ಕೆರೆದ. ಕಣ್ಣು ಮುಚ್ಚಿಕೊಂಡರೆ ರಿಬೇರಾನ ಸಂತನ ಹಣೆಯ ಗೆರೆಗಳು ಒಂದೂ ಬಿಡದೆ ಬರುತ್ತಿದ್ದವು. ಕಸಿಲ್ದಾಳ ಹುಬ್ಬು ಮೂಗಿನ ಕಡೆ ದಟ್ಟವೋ ಕಿವಿಯ ಕಡೆಯೋ ಎಂದು ಕೇಳಿಕೊಂಡರೆ ನೆನಪಿಗೇ ಬರಲಿಲ್ಲ. ಅವನಿಗೆ ಭಯವಾಯಿತು. ಟೋಪಿ ಕೂಡ ಹಾಕಿಕೊಳ್ಳದೆ ಓಡಿಹೋಗಿ ಒಬ್ದೂಲಿಯಾಳ ಮನೆಯ ಬಾಗಿಲು ತಟ್ಟಿದ.

“ಒಬ್ದೂಲಿಯಾ, ನಿಮ್ಮಕ್ಕಂದು ಕೆಳತುಟಿ ದಪ್ಪನಾ, ಮೇಲ್ತುಟೀನಾ?”

ಅವಳು ಈರುಳ್ಳಿ ಹೆಚ್ಚುತ್ತಿದ್ದ ಚಾಕು ಹಿಡಿದೇ ಬಂದಿದ್ದಳು. “ಇಷ್ಟು ವರ್ಷ ಅವಳಿಗೆ ಮುತ್ತು ಕೊಟ್ಟೋರು ನೀವಾ ನಾನಾ?” ಎಂದಳು. ಬೈಯಲೆಂದೇ ಬಾಯಿ ತೆರೆದಿದ್ದವಳು ಅವನ ಮುಖ ನೋಡಿ ಚಾಕು ಕೆಳಗಿಟ್ಟಳು. ಆಮೇಲೆ ಒಳಗಿನಿಂದ ಒಂದು ಫೋಟೋ ತಂದು ಕೊಟ್ಟಳು. ಎವಾರಿಸ್ತೊ ಅದನ್ನು ಬೆಳಕಿಗೆ ಹಿಡಿದು ನೋಡಿ, ಹಿಂದಕ್ಕೆ ಕೊಟ್ಟುಬಿಟ್ಟ. ಪ್ರತಿ ಮಾಡಲು ಅವನಿಗೆ ಬರುತ್ತಿತ್ತು. ಕಸಿಲ್ದಾ ಕೇಳಿದ್ದು ಅದನ್ನಲ್ಲ.

ಕಸಿಲ್ದಾ ಮನೆಗೆ ಬಂದಾಗ ಬೀದಿಯ ಮರಗಳೆಲ್ಲ ಚಿಗುರಿದ್ದವು. ಒಬ್ದೂಲಿಯಾ ತೋಳು ಹಿಡಿದು ಮೆಟ್ಟಿಲು ಹತ್ತಿಸಿ ಬಾಗಿಲು ತೆಗೆದಳು. ಕ್ಯಾನ್ವಾಸು ಬಾಗಿಲಿಗೇ ಮುಖಮಾಡಿ ನಿಂತಿತ್ತು. ಅದನ್ನು ತಿರುಗಿಸಿಡಬೇಕೆಂದು ಎವಾರಿಸ್ತೊ ಬೆಳಿಗ್ಗೆಯಿಂದ ಅಂದುಕೊಂಡಿದ್ದ, ಆಗಿರಲಿಲ್ಲ. ಹೀಗಾಗಿ ಅವಳು ಒಳಗೆ ಕಾಲಿಟ್ಟದ್ದೇ ಅವನು ದಿನವೂ ನಿಂತು ಬರೆಯುತ್ತಿದ್ದ ಜಾಗದಲ್ಲಿ.

ಎಡ ಕೆನ್ನೆ ಒಳಕ್ಕೆ ಹೋಗಿತ್ತು. ಬಾಯಿ ಆ ಕಡೆಗೆ ಜಗ್ಗಿಕೊಂಡು, ಅವಳು ಏನನ್ನೋ ಗುಟ್ಟಾಗಿ ಹೇಳುತ್ತಿರುವಂತೆ ಕಾಣುತ್ತಿತ್ತು. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಹಿಂದಿನ ಬೂದು ಗೋಡೆ, ಕುರ್ಚಿ, ಮಡಿಲಲ್ಲಿ ಒಂದರ ಮೇಲೊಂದಿಟ್ಟ ಕೈಗಳು, ಹಸಿರು ಶಾಲಿನ ಒಂದೊಂದು ಕುಚ್ಚು. ಮೇಲೆ, ಚಾಕು ಕೆರೆದು ಕೆರೆದು ಎಳೆ ಎದ್ದ ಬರಿ ಬಟ್ಟೆ.

“ಶಾಲು ಚೆನ್ನಾಗಿ ಬಂದಿದೆ,” ಎಂದಳು. ಮಾತು ತೊದಲುತ್ತಿತ್ತು. ಕೊಂಕು ಇರಲಿಲ್ಲ, ನಿಜವಾಗಿಯೇ ಮೆಚ್ಚಿದ್ದಳು.

ಬೈದಿದ್ದರೆ ಎವಾರಿಸ್ತೊ ತಾಳಿಕೊಳ್ಳುತ್ತಿದ್ದ. “ಕೂತ್ಕೋ ಕಸಿಲ್ದಾ,” ಎಂದ. “ಈಗ್ಲೇ ಕೂತ್ಕೋ. ಮುಖಾನೇ ಮೊದಲು ಬರೀತೀನಿ. ಮುಖ ಬಿಟ್ಟು ಬೇರೇನೂ ಮುಟ್ಟಲ್ಲ.”

“ಯಾವ ಮುಖ?” ಎಂದಳು ಅವಳು. ಯಾವ ತಟ್ಟೆ ಕೊಡಲಿ ಎಂದು ಕೇಳುವ ದನಿ.

ಅವಳು ಕೋಟು ಕಳಚಿ ಮೊಳೆಗೆ ಸಿಕ್ಕಿಸಿದಳು. ಆಮೇಲೆ ತಂಗಿಯ ತೋಳು ಹಿಡಿದು ಅಡುಗೆಮನೆಗೆ ಹೋದಳು. ಅಲ್ಲಿ ಒಬ್ದೂಲಿಯಾ ಸೂಪು ಬಿಸಿಮಾಡುವ ಸದ್ದು, “ನಿಧಾನ ಅಕ್ಕ, ಬಲಗಡೆಯಿಂದ ಕುಡಿ” ಎಂಬ ಮಾತು ಕೇಳಿಸುತ್ತಿತ್ತು.

ಎವಾರಿಸ್ತೊ ಬಾಲ್ಕನಿಯ ಕೋಣೆಗೆ ಬಂದ. ಎಲ್ಲಿ ನಿಲ್ಲಬೇಕೆಂದು ತೋಚದೆ, ಕಸಿಲ್ದಾ ದಿನವೂ ಕೂತಿದ್ದ, ತಾನು ಆವರೆಗೆ ಒಂದು ಸಲವೂ ಕೂರದಿದ್ದ ಆ ಕುರ್ಚಿಯಲ್ಲಿ ಕುಳಿತ. ಅಲ್ಲಿಂದ ಚಿತ್ರ ಕಾಣುತ್ತಿರಲಿಲ್ಲ. ಕಾರಿಡಾರಿನ ತುದಿಯಲ್ಲಿ ಕ್ಯಾನ್ವಾಸಿನ ಬೆನ್ನು, ಅದಕ್ಕೆ ಬಡಿದ ಮರದ ಪಟ್ಟಿಗಳು, ಪಟ್ಟಿಗಳ ಮೇಲೆ ಬರೆಯುವವನ ತಲೆ ಕಾಣಬೇಕಾದಷ್ಟು ಖಾಲಿ ಜಾಗ.